ಬೂಟಿನಲ್ಲಿ ಬಂದ ಶೇಂಗಾ ಉಂಡಿ

ಹಬ್ಬ ಅಂದರೆ ಸಂಭ್ರಮ ಎಂದು ಬರೆಯುವವರು ಒಮ್ಮೆಯಾದರೂ ಮೂವತ್ತೆರಡು ಹುಡುಗಿಯರಿಗೆ ಹಬ್ಬ ಮಾಡಿಸಿ ನೋಡಬೇಕು. ಹಿಂದಿನ ದಿನ ಮೂವತ್ತೆರಡು ತಲೆ ತೊಳೆಯಬೇಕು, ಹೇನು ಹೆಕ್ಕಬೇಕು, ಬೆರಳ ಸಂದಿನ ಕಜ್ಜಿಗೆ ಗಂಧಕದ ಮುಲಾಮು ಹಚ್ಚಬೇಕು, ಹರಿದ ಲಂಗಗಳಿಗೆ ತೇಪೆ ಹಾಕಬೇಕು. ಇಷ್ಟಾದ ಮೇಲೆ ಮುಖದ ಮೇಲೆ ನಗು ತಂದುಕೊಳ್ಳಬೇಕು. ನನಗೆ ಆಗ ಇಪ್ಪತ್ತಮೂರು ವರ್ಷ. ಈಗ ತಲೆ ಅರ್ಧ ಬೆಳ್ಳಗಾಗಿದೆ, ಆದರೆ ಆ ದಣಿವು ನೆನಪಾದರೆ ಇವತ್ತಿಗೂ ಸೊಂಟ ಹಿಡಿದುಕೊಳ್ಳುತ್ತದೆ.

ಎರಡನೆಯ ಮಹಾಯುದ್ಧದ ವರ್ಷಗಳು. ವಿಜಾಪುರದ ಸ್ಟೇಷನ್ ರಸ್ತೆ ಮುಗಿದು ರೈಲು ಹಳಿ ಕಾಣುವಲ್ಲಿ ನಮ್ಮ ಬೋರ್ಡಿಂಗ್ ಇತ್ತು. ಸುತ್ತಲಿನ ಹಳ್ಳಿಗಳ ಕೇರಿಯ ಹುಡುಗಿಯರು ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಓದುತ್ತಿದ್ದರು. ನಡೆಸುತ್ತಿದ್ದವರು ಪರದೇಶದಿಂದ ಬಂದ ಒಬ್ಬ ಸನ್ಯಾಸಿನಿ. ನಾವು ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ಸಣ್ಣ ಸಿಸ್ಟರ್ ಅಂತ ಯಾರೂ ಇರಲಿಲ್ಲ. ಇರಬೇಕಾಗಿತ್ತು, ಬರಲಿಲ್ಲ. ಹಾಗಾಗಿ ಪಾಠ ಹೇಳುವವಳೂ ನಾನೇ, ಜ್ವರ ನೋಡುವವಳೂ ನಾನೇ, ರೇಷನ್ ಜೋಳದಲ್ಲಿ ಕಲ್ಲು ಆರಿಸುವವಳೂ ನಾನೇ. ಅಡಿಗೆಗೆ ಮಾತ್ರ ತೊರವಿಯ ಒಬ್ಬ ಅವ್ವ ಇದ್ದಳು. ಅವಳ ಕೈ ಅಡಿಗೆಯಲ್ಲಿ, ಬಾಯಿ ಊರೆಲ್ಲದರಲ್ಲಿ.

ನಾನೂ ಅದೇ ಬೋರ್ಡಿಂಗಿನಲ್ಲಿ ಬೆಳೆದವಳು. ಹುಟ್ಟಿದ್ದು ಬಬಲೇಶ್ವರದ ಕೇರಿಯಲ್ಲಿ. ನಾನು ಹುಟ್ಟುವ ಮೊದಲೇ ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡಿದ್ದ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಡೆದದ್ದರಲ್ಲಿ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ.

ಆ ವರ್ಷ ಮೂರನೆಯ ಇಯತ್ತೆಯಲ್ಲಿ ತಿಕೋಟಾದ ಒಂದು ಹುಡುಗಿ ಇತ್ತು. ಒಂಬತ್ತು ವರ್ಷ. ಏನು ಸಿಕ್ಕರೂ ಓದುವ ಚಟ. ಬೆಲ್ಲ ಕಟ್ಟಿ ತಂದ ಕಾಗದ, ಸೀಮೆಎಣ್ಣೆ ಡಬ್ಬಿಯ ಮೇಲಿನ ಅಕ್ಷರ, ರೈಲು ಡಬ್ಬಿಯ ಮೇಲಿನ ನಂಬರು, ಯಾವುದನ್ನೂ ಬಿಡುತ್ತಿರಲಿಲ್ಲ. ತಾಯಿ ಇರಲಿಲ್ಲ. ತಂದೆ ಸೊಲ್ಲಾಪುರದ ಗಿರಣಿ ಸೇರಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಸಾಕಿದವಳು ಅಜ್ಜಿ. ಆ ಅಜ್ಜಿ ದೀಪಾವಳಿಯ ಹೊತ್ತಿಗೆ ಬಂದು, ಕಟ್ಟೆಯ ಮೇಲೂ ಕೂರದೆ, ನಿಂತೇ ಹೇಳಿ ಹೋಗಿದ್ದಳು. ತೊಗರಿ ಕೊಯ್ಲಿಗೆ ಕೈ ಬೇಕು, ಜೋಳ ತೆನೆ ಕಟ್ಟಿದ ಮೇಲೆ ಹಕ್ಕಿ ಕಾಯಲು ಆಳು ಬೇಕು, ತನ್ನ ಕಣ್ಣೂ ಮಂಜಾಗಿದೆ. ಡಿಸೆಂಬರಿನಲ್ಲಿ ಇನ್ನೊಮ್ಮೆ ಬರುತ್ತಾಳಂತೆ. ಹುಡುಗಿಯನ್ನು ಮನುಷ್ಯರಂತೆ ಇಟ್ಟುಕೊಂಡಿದ್ದರೆ ಬಿಡುತ್ತಾಳೆ, ಇಲ್ಲದಿದ್ದರೆ ಕರೆದುಕೊಂಡು ಹೋಗುತ್ತಾಳೆ. ಹಾಗೆ ಹೋದ ಹುಡುಗಿಯರು ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ಹಬ್ಬದ ದಿನವೇ ಬರಲಿ, ಮಕ್ಕಳು ನಗುತ್ತಿರುವುದನ್ನು ನೋಡಲಿ ಎಂದು ನಾನೇ ಲೆಕ್ಕ ಹಾಕಿ, ತಿಕೋಟಾದ ಕಡೆ ಹೊರಟಿದ್ದ ಗಾಡಿಯವನ ಕೈಯಲ್ಲಿ ಹೇಳಿ ಕಳಿಸಿದೆ.

ಹಬ್ಬ ಯಾವುದೆಂದರೆ, ಡಿಸೆಂಬರ್ ಮೊದಲ ವಾರದಲ್ಲಿ ಬರುವ ಒಬ್ಬ ಸಂತನದು. ಉದ್ದ ಗಡ್ಡದ ಬಿಷಪ್, ಮಕ್ಕಳೆಂದರೆ ಪ್ರಾಣ. ಹಿಂದಿನ ವರ್ಷಗಳಲ್ಲಿ ಅವನ ಹೆಸರಿನಲ್ಲಿ ಒಂದು ಪ್ರಾರ್ಥನೆ, ಒಂದು ಬೆಲ್ಲದ ಚೂರು, ಮುಗಿಯಿತು. ಆ ವರ್ಷ ಸಿಸ್ಟರಿಗೆ ತಮ್ಮ ಊರು ಬಹಳ ನೆನಪಾಗಿತ್ತೇನೋ. ತಿಂಗಳುಗಟ್ಟಲೆ ಅವರಿಗೆ ಒಂದು ಕಾಗದವೂ ಬಂದಿರಲಿಲ್ಲ. ತಮ್ಮ ಕಡೆ ಮಕ್ಕಳು ಹಿಂದಿನ ದಿನ ಸಂಜೆ ತಮ್ಮ ಬೂಟು ತಿಕ್ಕಿ ಬಾಗಿಲ ಮುಂದೆ ಇಡುತ್ತಾರೆ, ಸಂತ ಬಂದು ಅದರಲ್ಲಿ ತಿನಿಸು ತುಂಬಿ ಹೋಗುತ್ತಾನೆ, ಈ ಸಲ ನಾವೂ ಹಾಗೇ ಮಾಡೋಣ ಎಂದರು. ಹೇಳುವಾಗ ಅವರ ಮುಖ ಹತ್ತು ವರ್ಷದ ಹುಡುಗಿಯದಾಗಿತ್ತು. ಆಮೇಲೆ ವ್ಯಾಕರಣದ ಪುಸ್ತಕದಿಂದ ಕಲಿತ ತಮ್ಮ ಕನ್ನಡದಲ್ಲಿ ಕೇಳಿದರು:

"ಇದರಿಂದ ಯಾರಿಗಾದರೂ ನೋವು ಉಂಟಾಗುವುದೋ?"

ನೋಡಿ, ಕೇಳಿದರು. ನನ್ನನ್ನೇ ಕೇಳಿದರು. ನಮ್ಮ ಕಡೆ ಮೆಟ್ಟು ಮುಟ್ಟಿದ ಕೈಯನ್ನು ತೊಳೆಯದೆ ಯಾರೂ ರೊಟ್ಟಿ ಮುರಿಯುವುದಿಲ್ಲ. ಅದು ಎಲ್ಲರ ಮಾತು. ನಮ್ಮ ಕೇರಿಯವರಿಗೆ ಅದರ ಮೇಲೆ ಇನ್ನೊಂದಿತ್ತು. ಆಗ ಎಷ್ಟೋ ಊರುಗಳಲ್ಲಿ ದೊಡ್ಡವರ ಓಣಿ ಹಾಯುವಾಗ ನಮ್ಮವರು ಮೆಟ್ಟು ಕಳಚಿ ಕೈಯಲ್ಲಿ ಹಿಡಿಯಬೇಕಾಗಿತ್ತು. ಕಾದ ಮಣ್ಣಿನಲ್ಲಿ ಅಪ್ಪ ಹಾಗೆ ನಡೆಯುತ್ತಿದ್ದದ್ದನ್ನು ನಾನು ಅವನ ಹಿಂದೆಯೇ ನಡೆದು ನೋಡಿದ್ದೇನೆ. ಮೆಟ್ಟಿನಲ್ಲಿ ತಿನ್ನುವ ಪದಾರ್ಥ ಹಾಕಿ ಕೊಡುವುದು ನಮ್ಮವರಿಗೆ ಏನೆಂದು ನನಗೆ ಗೊತ್ತಿಲ್ಲದೆ ಏನು?

ಗೊತ್ತಿತ್ತು. ಆದರೆ ಆ ದಿನ ಇಬ್ಬರಿಗೆ ಚಳಿಜ್ವರ, ಒಬ್ಬಳಿಗೆ ಭೇದಿ, ಮುಂದೆ ಒಂದು ಚೀಲ ಜೋಳ, ಅದರಲ್ಲಿ ಜೋಳಕ್ಕಿಂತ ಹರಳೇ ಹೆಚ್ಚು. ಅದನ್ನೆಲ್ಲ ಸಿಸ್ಟರಿಗೆ ಬಿಡಿಸಿ ಹೇಳಬೇಕೆಂದರೆ ಅಪ್ಪನ ಕಥೆಯಿಂದ ಶುರು ಮಾಡಬೇಕು. ಅಷ್ಟು ಉಸಿರು ನನ್ನಲ್ಲಿರಲಿಲ್ಲ. "ಏನೂ ಇಲ್ಲ ಸಿಸ್ಟರ್, ಮಾಡೋಣ" ಎಂದೆ. ಮತ್ತೆ ಮೊರಕ್ಕೆ ತಲೆ ಬಗ್ಗಿಸಿದೆ.

ಇನ್ನೊಂದು ತೊಡಕಿತ್ತು. ಮೂವತ್ತೆರಡು ಹುಡುಗಿಯರಲ್ಲಿ ಕಾಲಿಗೆ ಏನಾದರೂ ಇದ್ದದ್ದು ನಾಲ್ವರಿಗೆ. ಅದಕ್ಕೂ ಸಿಸ್ಟರ್ ದಾರಿ ಹುಡುಕಿದರು. ರೈಲ್ವೆ ಕ್ವಾರ್ಟರ್ಸಿನ ಮನೆಮನೆ ತಿರುಗಿ ಹಳೆಯ ಬೂಟು, ಚಪ್ಪಲಿ ಬೇಡಿ ಗೋಣಿಚೀಲದಲ್ಲಿ ಹೊರಿಸಿಕೊಂಡು ಬಂದರು. ಚೀಲ ಸುರುವಿದಾಗ ಹುಡುಗಿಯರು ಮುಗಿಬಿದ್ದರು. ಚಂದದ್ದು ಯಾರಿಗೂ ಬೇಡ, ಎಲ್ಲರಿಗೂ ದೊಡ್ಡದೇ ಬೇಕು. ದೊಡ್ಡ ಬೂಟಿನಲ್ಲಿ ಹೆಚ್ಚು ಹಿಡಿಸುತ್ತದಲ್ಲ! ತಿಕೋಟಾದವಳು ಎಲ್ಲರನ್ನೂ ನೂಕಿ ಯಾರೋ ಗಾರ್ಡ್ ಸಾಹೇಬರ ಎಡಗಾಲಿನ ಬೂಟು ಹಿಡಿದಳು. ಅವಳ ಮೊಣಕಾಲ ತನಕ ಬರುತ್ತಿತ್ತು. ಸಂಜೆಯವರೆಗೂ ಬೂದಿ ಹಾಕಿ ತಿಕ್ಕಿದಳು.

ತೊರವಿಯ ಅವ್ವ ಶೇಂಗಾ ಹುರಿದು, ಬೆಲ್ಲ ಕುಟ್ಟಿ ಉಂಡಿ ಕಟ್ಟಿದಳು. ಉಂಡಿ ಎಲ್ಲಿಗೆ ಹೋಗುತ್ತವೆ ಎಂದು ತಿಳಿದ ಮೇಲೆ ಬುಟ್ಟಿಯನ್ನು ನನ್ನ ಮುಂದೆ ನೂಕಿದಳು.

"ಅಕ್ಕೋರ, ನಾ ಕಟ್ಟಿ ಕೊಟ್ಟೀನಿ. ಮೆಟ್ಟಿನ್ಯಾಗ ಹಾಕಾಕ ನನ್ನ ಕೈ ಬರೂದಿಲ್ಲ. ಆ ಪಾಪ ನೀವ ಕಟ್ಟಿಕೋರಿ."

ಕಟ್ಟಿಕೊಂಡೆ. ಬೆಳಕು ಹರಿಯುವ ಮೊದಲು ಪಡಸಾಲೆಯುದ್ದಕ್ಕೂ ಬಗ್ಗಿ ಬಗ್ಗಿ, ಒಂದೊಂದಕ್ಕೂ ಒಂದು ಉಂಡಿ, ಒಂದು ಹಿಡಿ ಚುರುಮರಿ, ನಾಲ್ಕು ಬಾರಿಹಣ್ಣು ಹಾಕುತ್ತ ಹೋದೆ. ಬೂಟಿನ ಒಳಗೆ ಕಾಗದ ಮಡಚಿ ಹಾಸಿದ್ದೆ. ಅಷ್ಟಾದರೂ ಮಾಡಿದೆ ಎಂದು ಆಗ ಸಮಾಧಾನವಾಗಿತ್ತು. ಹಾಗಾದರೆ ಒಳಗೊಳಗೆ ನನಗೆ ಅಳುಕಿತ್ತು ಎಂದೇ ಅರ್ಥ.

ಆಮೇಲೆ ಸಂತನೂ ನಾನೇ ಆಗಬೇಕಾಯಿತು. ಸಿಸ್ಟರಿಗೆ ಗಡ್ಡ ಕಟ್ಟುವುದು ಸರಿಯಲ್ಲ, ತೊರವಿಯ ಅವ್ವ ಒಲ್ಲೆ ಅಂದಳು. ವಿಜಾಪುರದಲ್ಲಿ ಹತ್ತಿಗೇನು ಬರವೇ? ಗದ್ದದ ತುಂಬ ಹತ್ತಿ ಅಂಟಿಸಿ, ರಟ್ಟಿನ ಟೊಪ್ಪಿಗೆ ಇಟ್ಟು, ಕೆಂಪು ದುಪ್ಪಟಿ ಹೊದಿಸಿ, ಕೈಯಲ್ಲಿ ಕೋಲು ಕೊಟ್ಟರು. ಹುಡುಗಿಯರು ಮೊದಲಿನಿಂದಲೂ ಸಂತ ಅನ್ನುತ್ತಿರಲಿಲ್ಲ, ಸಂತಿ ಅನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ವಾರದ ಸಂತಿ, ಅಂದರೆ ಸಂತೆ, ಮಾತ್ರ. ಅಲ್ಲಿಂದ ತಿನ್ನುವುದು ತರುವ ಅಜ್ಜ ಎಂದರೆ ಸಂತಿ ಅಜ್ಜ. ಅದೂ ಸರಿಯೇ. ನಾನು ದನಿ ದಪ್ಪ ಮಾಡಿ, ಯಾರು ಯಾರು ಸುಳ್ಳು ಹೇಳಿದ್ದೀರಿ ಎಂದು ಕೇಳುತ್ತ ಕೋಲು ಎತ್ತಿದೆ. ದುಪ್ಪಟಿ ಜಾರಿತು. ತಿಕೋಟಾದವಳೇ ಮೊದಲು ಕಂಡಳು.

"ಸಂತಿ ಅಜ್ಜನ ಕೈಯಾಗ ಬಳಿ ಅದಾವಲೇ!"

ಪಡಸಾಲೆಯೆಲ್ಲ ನಗು. ಜ್ವರದವರೂ ಎದ್ದು ಕೂತು ನಕ್ಕರು. ಸಿಸ್ಟರ್ ಕಣ್ಣೊರೆಸಿಕೊಂಡು ನಕ್ಕರು. ಗಡ್ಡದೊಳಗೆ ನಾನೂ ನಕ್ಕೆ. ಆ ಹೊತ್ತು ನಿಜಕ್ಕೂ ಹಬ್ಬವಾಗಿತ್ತು, ಇಲ್ಲ ಅನ್ನುವುದಿಲ್ಲ. ಹುಡುಗಿಯರು ತಮ್ಮ ತಮ್ಮ ಬೂಟಿನತ್ತ ಓಡಿದರು. ತಿಕೋಟಾದವಳ ಬೂಟು ಎಷ್ಟು ಆಳವಿತ್ತೆಂದರೆ ಉಂಡಿ ತುದಿಗೆ ಹೋಗಿ ಕೂತಿತ್ತು. ಕೈ ಎಟುಕದೆ, ಬೂಟನ್ನು ಎತ್ತಿ ಓರೆ ಮಾಡಿ ಮುಖವನ್ನೇ ಒಳಗೆ ಹಾಕಿ ಚುರುಮರಿ ತಿನ್ನತೊಡಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

ಹಿಂದಿನ ದಿನ ತಿಕೋಟಾ ಬಿಟ್ಟು, ತೊರವಿಯಲ್ಲಿ ಯಾರದೋ ಕಟ್ಟೆಯ ಮೇಲೆ ಮಲಗಿ, ನಡೆದೇ ಬಂದಿದ್ದಳು. ಗಾಡಿಯವ ಸಂತನ ಹಬ್ಬವನ್ನು ಸಂತಿ ಮಾಡಿ ಹೇಳಿದ್ದನೆಂದು ಕಾಣುತ್ತದೆ, ತಲೆಯ ಮೇಲೆ ಖಾಲಿ ಬುಟ್ಟಿ ಇತ್ತು. ಕೈಯಲ್ಲಿ ಮೆಟ್ಟು ಹಿಡಿದಿದ್ದಳು. ಪೇಟೆಯಲ್ಲಿ ಅದನ್ನು ಕಳಚು ಎನ್ನುವವರು ಯಾರೂ ಇರಲಿಲ್ಲ. ಅವಳ ಕೈಗೆ ಅದು ರೂಢಿಯಾಗಿತ್ತು, ಅಷ್ಟೇ. ಹಾಗೆ ನಿಂತು, ಮೊಮ್ಮಗಳು ಬೂಟಿನಲ್ಲಿ ಮುಖವಿಟ್ಟು ತಿನ್ನುವುದನ್ನು ನೋಡಿದಳು. ಮಂಜುಗಣ್ಣಿಗೂ ಅದು ಕಂಡಿತು.

ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಬಂದು ಹುಡುಗಿಯ ಕೈಯಿಂದ ಬೂಟು ಕಿತ್ತು ಕೆಳಗಿಟ್ಟಳು. ಸೆರಗಿನಿಂದ ಅವಳ ಬಾಯಿ ಒರೆಸಿದಳು, ಒಂದು ಸಲ ಅಲ್ಲ, ಮೂರು ನಾಲ್ಕು ಸಲ. ಸಿಸ್ಟರ್ ನಗುತ್ತ ಮುಂದೆ ಬಂದು, ಬನ್ನಿರಿ, ಕುಳಿತುಕೊಳ್ಳಿರಿ ಅಂದರು. ಅಜ್ಜಿ ಅವರ ಕಡೆ ನೋಡಲೂ ಇಲ್ಲ. ಗಡ್ಡ ಕಟ್ಟಿಕೊಂಡಿದ್ದ ನನ್ನನ್ನು ನೋಡಿದಳು. ಗುರುತು ಸಿಕ್ಕಿತು.

"ಚಂದಂಗ ಇಟ್ಟೀರಿ ಬಿಡ ತಂಗಿ" ಎಂದಳು. ಹುಡುಗಿಯ ಕೈ ಹಿಡಿದು ನಡೆದಳು. ಹುಡುಗಿ ತಿರುತಿರುಗಿ ನೋಡಿದ್ದು ನಮ್ಮನ್ನಲ್ಲ, ಬೂಟನ್ನು. ಉಂಡಿ ಅದರ ತುದಿಯಲ್ಲೇ ಇತ್ತು.

ಸಿಸ್ಟರಿಗೆ ಏನೂ ತಿಳಿಯಲಿಲ್ಲ. ಯಾಕೆ ಹೋದಳು ಎಂದು ನನ್ನನ್ನು ಕೇಳಿದರು. ಸುಗ್ಗಿ ಬಂತಲ್ಲ ಅದಕ್ಕೆ ಎಂದೆ. ಅದು ನನ್ನ ಎರಡನೆಯ ಸುಳ್ಳು. ತೊರವಿಯ ಅವ್ವ ಒಲೆಯ ಮುಂದೆ ಕೂತು ನನ್ನ ಕಡೆ ನೋಡಿದಳು. ಅವಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾಲ್ಕು ದಿನ ತಡೆದೆ. ಹಾಜರಿ ಕೂಗುವಾಗ ನಾಲಿಗೆಗೆ ಬಂದ ಹೆಸರನ್ನು ನುಂಗಿಕೊಳ್ಳುವುದು, ಬೆಲ್ಲದ ಕಾಗದ ಓದುವವರಿಲ್ಲದೆ ಕಸದಲ್ಲಿ ಬಿದ್ದಿರುವುದು. ಐದನೆಯ ದಿನ ಸಿಸ್ಟರಿಗೆ ಹೇಳಿ ತಿಕೋಟಾಕ್ಕೆ ಹೊರಟೆ. ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು. ಓಡುತ್ತದೆ ಎನ್ನುವುದು ದೊಡ್ಡ ಮಾತು. ತೊರವಿಯ ಏರಿನಲ್ಲಿ ನಾವೆಲ್ಲ ಇಳಿದು ನೂಕಿದೆವು, ಅದನ್ನು ದಾಟಿ ಎರಡು ಹರದಾರಿ ಹೋಗುವಷ್ಟರಲ್ಲಿ ಪೂರ್ತಿ ನಿಂತಿತು. ಸ್ವಲ್ಪ ದೂರ ಜೋಳದ ಕಣಿಕೆ ಹೇರಿದ ಎತ್ತಿನ ಗಾಡಿ, ಉಳಿದದ್ದು ನಡಿಗೆ. ಎರಡೂ ಕಡೆ ಮೊಣಕಾಲೆತ್ತರದ ಬಿಳಿಜೋಳ, ಕರಿಮಣ್ಣು, ಬೋಳು ರಸ್ತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಸಿಸ್ಟರಿಗೆ ನಮ್ಮ ರೀತಿ ತಿಳಿಯದು, ಅವರ ದೇಶದಲ್ಲಿ ಅದೇ ಪ್ರೀತಿ, ಹುಡುಗಿ ಜಾಣೆ. ಎಲ್ಲ ನಿಜವಾದ ಮಾತುಗಳೇ.

ಹುಡುಗಿ ಮನೆಯಲ್ಲಿರಲಿಲ್ಲ, ತೊಗರಿ ಹೊಲಕ್ಕೆ ಹೋಗಿದ್ದಳು. ಅಜ್ಜಿ ನನ್ನನ್ನು ಕಂಡು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕಾಲಿಗೆ ನೀರು ಕೊಟ್ಟಳು. ಚಾಪೆ ಹಾಸಿದಳು. ನಾನು ಜೋಡಿಸಿಕೊಂಡ ಮಾತು ತೆಗೆಯುವ ಮೊದಲೇ ಒಳಗೆ ಹೋಗಿ ಗೋಡೆಯ ಮಾಡದಿಂದ ಉಣ್ಣುವ ಒಂದು ಕಂಚಿನ ಗಂಗಾಳ ಇಳಿಸಿದಳು. ಅಂಥ ಮನೆಯಲ್ಲಿ ಕಂಚಿನ ಗಂಗಾಳವೆಂದರೆ ಒಂದೇ ಇರುತ್ತದೆ. ಮದುವೆಯಲ್ಲಿ ಬಂದದ್ದು, ಬೀಗರು ಬಂದಾಗ ಮಾತ್ರ ಇಳಿಯುವುದು. ಅದನ್ನು ಹುಣಸೆ ಹಚ್ಚಿ ತಿಕ್ಕಿದಳು, ನಾನು ನೋಡುತ್ತಿದ್ದಂತೆಯೇ, ಅವಸರವಿಲ್ಲದೆ, ಮೊಮ್ಮಗಳು ಬೂಟು ತಿಕ್ಕಿದ ಹಾಗೆಯೇ. ಎರಡು ರೊಟ್ಟಿ, ಪುಂಡಿಪಲ್ಯೆ, ಒಂದು ಉಳ್ಳಾಗಡ್ಡಿ ಇಟ್ಟು ನನ್ನ ಮುಂದೆ ಸರಿಸಿದಳು.

"ನೀವು ಮೆಟ್ಟಿನ್ಯಾಗ ಕೊಟ್ರಿ. ನಾವು ಗಂಗಾಳದಾಗ ಕೊಡ್ತೀವಿ. ಉಣ್ಣು."

ಹಸಿವಿತ್ತು. ಉಣ್ಣುವ ಮನಸ್ಸಿರಲಿಲ್ಲ. ಆದರೂ ಉಂಡೆ, ಬಿಟ್ಟರೆ ಅದು ಇನ್ನೊಂದು ಅವಮಾನ. ಉಣ್ಣುವವರೆಗೆ ಅವಳು ಎದುರಿಗೇ ಕೂತಿದ್ದಳು. ಆಮೇಲೆ ಕೇಳಿದಳು:

"ಬಿಳಿ ಅಮ್ಮಗ ಗೊತ್ತಿಲ್ಲ, ಬಿಡು. ನೀ ಬಬಲೇಶ್ವರದಾಕಿ. ನಮ್ಮಾಕಿ. ನಿನಗ ಗೊತ್ತಿದ್ದಿಲ್ಲೇನು?"

ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟೆ.

"ಗೊತ್ತಿತ್ತು ಆಯಿ."

"ಮತ್ತ ಯಾಕ ಸುಮ್ಮನಿದ್ದಿ?"

"ದಣದಿದ್ದೆ."

ಇಷ್ಟು ಸಣ್ಣ ಕಾರಣವೇ ಎಂದು ನನಗೇ ಅನಿಸಿತು. ಅಜ್ಜಿ ಗಂಗಾಳ ಎತ್ತಿಕೊಂಡಳು. ಹೊರಗೆ ತೊಳೆದು ಬಂದಳು. ಮತ್ತೆ ಮಾಡದಲ್ಲಿಟ್ಟಳು.

"ದಣದವ್ರು ಸುಮ್ಮನಾಗ್ತಾರ, ಖರೆ" ಎಂದಳು. "ನಾ ಮೆಟ್ಟ ಕೈಯಾಗ ಹಿಡದಾಗೂ ಹಿಂಗ ದಣದಿದ್ದೆ ನೋಡು. ಬಾಯಿ ತಗದು ಕೇಳಾಕ ಆಗಲಿಲ್ಲ. ಹಂಗ ಜಲ್ಮ ಹೋತು. ನನ್ನ ಮೊಮ್ಮಗಳಿಗೆ ಅದು ಬ್ಯಾಡಂತ ನಿಮ್ಮಲ್ಲಿ ಬಿಟ್ಟಿದ್ದೆ."

ಹುಡುಗಿಯನ್ನು ಕಳಿಸು ಎಂದು ಕೇಳಲು ಹೋಗಿದ್ದೆ. ಕೇಳಲಿಲ್ಲ. ಎದ್ದೆ. ಹೊಸಿಲು ದಾಟುವಾಗ ಅಜ್ಜಿ ತಡೆದು ಸೆರಗು ಒಡ್ಡು ಅಂದಳು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಉಡಿ ತುಂಬುತ್ತಾರೆ. ಅವಳು ಮಡಕೆಯಿಂದ ಎರಡು ಬೊಗಸೆ ಜೋಳ ತೆಗೆದು ನನ್ನ ಸೆರಗಿಗೆ ಹಾಕಿದಳು. ಮೇಲೊಂದು ಬೆಲ್ಲದ ಚೂರು, ಒಣಕೊಬ್ಬರಿಯ ಅರ್ಧ ಬಟ್ಟಲು. ಆ ವರ್ಷ ಅಂಥ ಮನೆಯಲ್ಲಿ ಎರಡು ಬೊಗಸೆ ಜೋಳವೆಂದರೆ ಒಂದು ಹೊತ್ತಿನ ಊಟ.

"ಹೆಣ್ಮಕ್ಕಳಿಗೆ ಕೊಡೂದಂದ್ರ ಹಿಂಗ. ನಿಮ್ಮ ಸಂತಿ ಅಜ್ಜಗ ಹೇಳು" ಎಂದಳು. ಹುಡುಗಿಯ ಮಾತು ಅವಳೇ ತೆಗೆದಳು. "ಹಕ್ಕಿ ಕಾಯೂದು ಮುಗೀಲಿ. ಆಮ್ಯಾಲೆ ನೋಡೂಣು."

ತಿರುಗಿ ಬಂದು ಸಿಸ್ಟರಿಗೆ ಎಲ್ಲವನ್ನೂ ಹೇಳಿದೆ, ಅಪ್ಪನ ಕಥೆಯಿಂದ ಶುರು ಮಾಡಿ. ಅಷ್ಟೇನೂ ಹೊತ್ತು ಹಿಡಿಯಲಿಲ್ಲ. ಅರ್ಧ ಮೊರ ಜೋಳ ಆರಿಸುವಷ್ಟು ಹೊತ್ತು. ಸಿಸ್ಟರ್ ಅಳಲಿಲ್ಲ, ಬೈಯಲೂ ಇಲ್ಲ. ಬೂಟುಗಳನ್ನು ಚೀಲಕ್ಕೆ ತುಂಬಿ ತಾವೇ ಹೊತ್ತುಕೊಂಡು ಕ್ವಾರ್ಟರ್ಸಿಗೆ ಮುಟ್ಟಿಸಿ ಬಂದರು. ರಾತ್ರಿ ಊಟ ಮಾಡಲಿಲ್ಲ.

ಹುಡುಗಿ ಬಂದದ್ದು ಹೋಳಿಹುಣ್ಣಿಮೆ ಕಳೆದ ಮೇಲೆ. ಕವಣೆ ಬೀಸಿ ಬಲಗೈ ಗಡುಸಾಗಿತ್ತು, ಅಕ್ಷರ ಸೊಟ್ಟಗಾಗಿದ್ದವು. ಅಷ್ಟು ತಿಂಗಳು ಓದಲು ಏನೂ ಸಿಕ್ಕಿರಲಿಲ್ಲವಂತೆ. ಪರೀಕ್ಷೆಗೆ ಕೂತಳು, ಪಾಸಾಗಲಿಲ್ಲ. ಮೂರನೆಯ ಇಯತ್ತೆಯಲ್ಲಿ ಮತ್ತೆ ಕೂತಳು, ತನಗಿಂತ ಗೇಣು ಗಿಡ್ಡಗಿದ್ದವರ ಜೊತೆ. ಆ ವರ್ಷವನ್ನು ಅವಳಿಂದ ಕಳೆದವಳು ನಾನು. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಅಜ್ಜಿ ಮಾತ್ರ ಪೂರ್ತಿ ಒಪ್ಪಿರಲಿಲ್ಲ. ಮುಂದಿನ ಡಿಸೆಂಬರಿಗೆ ಮತ್ತೆ ಬಂದು ನೋಡುತ್ತೇನೆ, ಆಗ ಮುಗಿದ ಮಾತು ಹೇಳುತ್ತೇನೆ ಎಂದು ಹೇಳಿ ಕಳಿಸಿದ್ದಳು.

ಬಂದಳು. ಈ ಸಲ ಮೊದಲೇ ಬಂದು, ಅದೇ ಖಾಲಿ ಬುಟ್ಟಿ ಪಕ್ಕಕ್ಕಿಟ್ಟು ಗೋಡೆಗೆ ಒರಗಿ ಕೂತಳು. ನಾನು ಹಿಂದಿನ ವರ್ಷದ ಹಾಗೇ ದಣಿದಿದ್ದೆ, ಮಕ್ಕಳು ಈಗ ಮೂವತ್ತೈದಾಗಿದ್ದರು. ಅದೇ ಹತ್ತಿಗಡ್ಡ, ಅದೇ ದುಪ್ಪಟಿ. ಬಳೆ ತೆಗೆಯಲು ಹುಡುಗಿಯರು ಬಿಟ್ಟಿರಲಿಲ್ಲ. ಬಳೆ ಇಲ್ಲದಿದ್ದರೆ ಅಜ್ಜ ಬೇರೆಯವನಾಗುತ್ತಾನಂತೆ. ಸಾಲಾಗಿ ನಿಂತು ಲಂಗದ ಅಂಚು ಹಿಡಿದು ಒಡ್ಡಿದರು. ತೊರವಿಯ ಅವ್ವ ಕೇಳದೆಯೇ ಬುಟ್ಟಿ ಹಿಡಿದು ನನ್ನ ಪಕ್ಕ ನಿಂತಳು. ಸಿಸ್ಟರ್ ಉಂಡಿ ಎತ್ತಿ ಕೊಟ್ಟರು, ನಾನು ಒಬ್ಬೊಬ್ಬಳ ಉಡಿಗೂ ಹಾಕುತ್ತ ಹೋದೆ. ಗಡ್ಡದ ಬಿಷಪ್ ಉಡಿ ತುಂಬುವುದನ್ನು ಲೋಕದಲ್ಲಿ ಇನ್ನೆಲ್ಲೂ ಕಂಡಿರಲಿಕ್ಕಿಲ್ಲ. ತಿಕೋಟಾದವಳು ತನ್ನ ಸರದಿ ಬಂದಾಗ ಲಂಗವನ್ನು ಸಾಧ್ಯವಾದಷ್ಟು ಅಗಲ ಮಾಡಿ ಹಿಡಿದಳು. ಅವಳ ಆಸೆ ಬದಲಾಗಿರಲಿಲ್ಲ.

ಅಜ್ಜಿ ಎದ್ದು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು ಬಂದಳು. ಕಂಬದ ಹಿಂದೆಯೂ ಬಗ್ಗಿ ನೋಡಿದಳು. ಒಂದು ಮೆಟ್ಟೂ ಇರಲಿಲ್ಲ, ಅವಳ ಕೈಯಲ್ಲಿದ್ದ ಎರಡನ್ನು ಬಿಟ್ಟರೆ. ಮೊಮ್ಮಗಳು ಉಡಿಯಿಂದ ಒಂದು ಉಂಡಿ ತೆಗೆದು ಅವಳ ಬಾಯಿಗೆ ಹಿಡಿದಳು. ಹಲ್ಲಿಲ್ಲದ ಬಾಯಿ, ಶೇಂಗಾ ಉಂಡಿ, ಬಹಳ ಹೊತ್ತು ಅಗಿದಳು. ನಾವೆಲ್ಲ ಕಾದೆವು.

"ಈ ಸಲದ ಸಂತಿ ಪಾಡ ಆತು" ಎಂದಳು. ಪಾಡ ಅಂದರೆ ನಮ್ಮ ಕಡೆ ಚೆನ್ನಾಗಿ ಎಂದು ಅರ್ಥ. ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಒಬ್ಬಳೇ ಹೊರಟಳು. ಗೇಟಿನ ತನಕ ಹೋದ ಹುಡುಗಿ ಅಲ್ಲಿಂದ ಕೂಗಿ ಹೇಳುವುದು ಕೇಳಿಸಿತು:

"ಆಯಿ, ಮೆಟ್ಟ ಹಾಕ್ಕೋ ಬೇ. ಜಾಲಿ ಮುಳ್ಳು ಅದಾವ."

ಅಜ್ಜಿ ಹಾಕಿಕೊಂಡಳೋ ಇಲ್ಲವೋ ನನಗೆ ಕಾಣಲಿಲ್ಲ. ನಾನು ಗಡ್ಡ ಕಟ್ಟಿಕೊಂಡೇ ಕಟ್ಟೆಯ ಮೇಲೆ ಕೂತುಬಿಟ್ಟಿದ್ದೆ. ಇನ್ನೂ ಮೂವತ್ತೈದು ಗಂಗಾಳ ತೊಳೆಯುವುದಿತ್ತು.